ಪಾರಣೆಯಿಲ್ಲದ ಉಪವಾಸ

ಕಡಿಮೆ ತಿನ್ನುವುದು ಕಷ್ಟವೆಂದು ಲೋಕವೆಲ್ಲ ನಂಬಿದ್ದರೂ ಅದಕ್ಕಿಂತ ಕಷ್ಟದ ಇನ್ನೊಂದು ಕೆಲಸವಿದೆ, ಬಹುಕಾಲ ಕಡಿಮೆ ತಿಂದವನು ಮತ್ತೆ ಹೊಟ್ಟೆತುಂಬ ತಿನ್ನುವುದು. ತೂಕ ಇಳಿಸುವ ಹಟಕ್ಕೆ ಬಿದ್ದು ತಿಂಗಳುಗಟ್ಟಲೆ ಕಟ್ಟುನಿಟ್ಟಿನ ಪಥ್ಯವನ್ನು, ಅಂದರೆ ಈಗಿನವರು ಡಯಟ್ ಎನ್ನುವ ವ್ರತವನ್ನು, ನಡೆಸಿದವರಲ್ಲಿ ಹಲವರಿಗೆ ಇಳಿಯಬೇಕಾದದ್ದೆಲ್ಲ ಇಳಿದ ಮೇಲೂ ತಟ್ಟೆಗೆ ಅರ್ಧ ಸೌಟು ಅನ್ನ ಹೆಚ್ಚಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತದೆ. ಹಾವು, ಕತ್ತಲು, ಸಾಲ ಕೊಟ್ಟವನು ಮುಂತಾದ ಪುರಾತನ ಭಯಗಳ ಸಾಲಿಗೆ ಈಚೆಗೆ ಸೇರಿದ ಇದನ್ನು ಪಾರಣೆಯ ಭಯವೆಂದು ಕರೆಯಬಹುದು. ಪಾರಣೆಯೆಂದರೆ ಉಪವಾಸದ ಮರುದಿನ ಕ್ರಮಪ್ರಕಾರ ಉಂಡು ವ್ರತವನ್ನು ಮುಗಿಸುವುದು.

ಈ ಭಯ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ವರ್ಷಗಟ್ಟಲೆ ಗುಟ್ಟಾಗಿ ಬದುಕಬಲ್ಲುದು, ಆದರೆ ಸಿದ್ದಾಪುರ ತಾಲೂಕಿನ ಹೆಗ್ಗರಣೆಯಂಥ ಊರಿಗೆ ಬಂದರೆ ಮೊದಲ ದಿನದ ಆಸ್ರಿಯ ಹೊತ್ತಿಗೇ, ಅಂದರೆ ಬಂದವರಿಗೆ ಕುಡಿಯಲು ಕೊಟ್ಟು ಉಪಚರಿಸುವ ಹೊತ್ತಿಗೇ, ಬಯಲಾಗಿಬಿಡುತ್ತದೆ. ಹೆಗ್ಗರಣೆಯಿಂದ ಸುಮಾರು 5 ಕಿ.ಮೀ. ದೂರದಲ್ಲಿ ಅಘನಾಶಿನಿ ನದಿ 116 ಮೀಟರ್ ಆಳಕ್ಕೆ ಧುಮುಕುವ ಉಂಚಳ್ಳಿ ಜಲಪಾತವಿದ್ದು, ಅದರ ಅಬ್ಬರಕ್ಕೆ ಕಿವಿ ಕೆಪ್ಪಾಗುತ್ತದೆಂಬ ಕಾರಣದಿಂದ ಅದನ್ನು ಕೆಪ್ಪ ಜೋಗವೆಂದೂ ಕರೆಯುತ್ತಾರೆ. ಸುತ್ತಲಿನ ಮನೆಗಳಲ್ಲಿ ಬಡಿಸುವವರ ಕಿವಿಗೆ ‘ಸಾಕು’ ಎಂಬ ಮಾತು ಬೀಳದಿರುವುದಕ್ಕೂ ಈ ಜಲಪಾತಕ್ಕೂ ಸಂಬಂಧವಿದೆಯೇ ಎಂಬುದು ವಿದ್ವಾಂಸರು ಇನ್ನೂ ಕೈಹಾಕದ ವಿಷಯ.

ಈ ಸೀಮೆಯ ಹವ್ಯಕರ ಊಟದ ಪಂಕ್ತಿಯಲ್ಲಿ, ಅಂದರೆ ಸಾಲಾಗಿ ಕುಳಿತು ಬಾಳೆ ಎಲೆಯಲ್ಲಿ ಉಣ್ಣುವ ಏರ್ಪಾಟಿನಲ್ಲಿ, ಯಾರು ಎಷ್ಟು ತಿಂದರೆಂಬುದು ಖಾಸಗಿ ವಿಷಯವಲ್ಲ. ಹೋಳಿಗೆಯ ಬುಟ್ಟಿ ಹಿಡಿದವರು ಮೊದಲ ಎಲೆಯಿಂದ ಹೊರಟು ಒಬ್ಬೊಬ್ಬರನ್ನೂ ಮಾತಾಡಿಸುತ್ತ ಬರುವಾಗ ಪಥ್ಯದವನು ಎರಡೂ ಕೈಗಳನ್ನು ಅಡ್ಡ ಚಾಚಿ, ಬೆನ್ನು ಬಗ್ಗಿಸಿ, ಎಲೆಯನ್ನು ಕಾಯುತ್ತಾನೆ. ಬಡಿಸುವವರು ನುರಿತವರಾದ್ದರಿಂದ ಕೈಯನ್ನು ದೂಡುವ ಒರಟುತನಕ್ಕೆ ಹೋಗದೆ ಪಕ್ಕದವರೊಡನೆ ಅಡಿಕೆ ದರದ ಮಾತು ತೆಗೆಯುತ್ತಾರೆ. ದರವೆಷ್ಟೆಂದು ಕೇಳಲು ಪಥ್ಯದವನು ತಲೆಯೆತ್ತುವಷ್ಟರಲ್ಲಿ ಮೊಣಕೈಯ ಸಂದಿಯಿಂದ ಹೋಳಿಗೆ ಎಲೆ ಸೇರಿರುತ್ತದೆ, ಅದರ ಬೆನ್ನಿಗೇ ತುಪ್ಪದ ಮಿಳ್ಳೆಯೂ ಬಂದಿರುತ್ತದೆ. ಮನೆಯಲ್ಲಿ ಇಷ್ಟು ಯುಕ್ತಿಯೂ ಬೇಕಾಗುವುದಿಲ್ಲ. ಒಂದು ತೆಳ್ಳೇವಿಗೆ, ಅಂದರೆ ಕಾವಲಿಯ ಮೇಲೆ ತೆಳ್ಳಗೆ ಹರಡಿದ ಅಕ್ಕಿ ದೋಸೆಗೆ, ಮಗ ಕೈತೊಳೆಯಲು ಎದ್ದರೆ ಆಯಿ “ತಮಾ, ಹುಷಾರಿಲ್ಯನಾ?” ಎಂದು ಹಣೆ ಮುಟ್ಟಿ ನೋಡುತ್ತಾಳೆ, ಏಕೆಂದರೆ ಆಕೆ ಬಲ್ಲ ವೈದ್ಯದಲ್ಲಿ ಒಂದೇ ತೆಳ್ಳೇವಿಗೆ ಸಾಕಾಗುವ ಸ್ಥಿತಿಗೆ ಜ್ವರವೆಂದೇ ಹೆಸರು.

ಹಾಗೆಂದು ಈ ನಾಡಿಗೆ ಉಪವಾಸ ಗೊತ್ತಿಲ್ಲವೆಂದು ತಿಳಿಯಬಾರದು. 1932ರ ಕರನಿರಾಕರಣೆಯ ಕಾಲದಲ್ಲಿ ಇದೇ ತಾಲೂಕಿನ ಮಾವಿನಗುಂಡಿಯಲ್ಲಿ, ಸರಕಾರ ಜಪ್ತಿ ಮಾಡಿದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಸತ್ಯಾಗ್ರಹ ಮಾಡಿದರು. ಆ ಉಪವಾಸಕ್ಕೆ ಒಂದು ಕಾರಣವೂ ಎದುರಿಗೊಬ್ಬ ಪ್ರತಿಪಕ್ಷಿಯೂ ಇದ್ದುದರಿಂದ ಎಲ್ಲಿ ಮುಗಿಸಬೇಕೆಂಬುದು ಕುಳಿತವರಿಗೆ ಗೊತ್ತಿತ್ತು. ಏಕಾದಶಿಯ ಉಪವಾಸಕ್ಕಂತೂ ಕೊನೆಯನ್ನು ಪಂಚಾಂಗವೇ ಹೇಳುತ್ತದೆ. ಅನ್ನವನ್ನೊಂದು ಬಿಟ್ಟು ಅವಲಕ್ಕಿ, ಉಪ್ಪಿಟ್ಟು, ಬಾಳೆಹಣ್ಣುಗಳನ್ನೆಲ್ಲ ಒಳಗೊಳ್ಳುವ ಫಲಾಹಾರವೆಂಬ ಉದಾರ ಉಪವಾಸವಿರಲಿ, ನೀರೂ ಮುಟ್ಟದ ನಿರ್ಜಲ ಉಪವಾಸವಿರಲಿ, ದ್ವಾದಶಿ ಕಳೆಯುವುದರೊಳಗೆ ಪಾರಣೆ ಮಾಡದಿದ್ದರೆ ವ್ರತವೇ ಕೆಟ್ಟಂತೆ. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಬರುವ ಅಂಬರೀಷ ಮಹಾರಾಜನಿಗೆ ಒದಗಿದ್ದು ಇದೇ ಇಕ್ಕಟ್ಟು: ಅತಿಥಿಯಾಗಿ ಬಂದ ದೂರ್ವಾಸರು ಸ್ನಾನಕ್ಕೆ ಹೋದವರು ಹಿಂತಿರುಗಲಿಲ್ಲ, ದ್ವಾದಶಿ ಮುಗಿಯುತ್ತ ಬಂದಿದೆ, ಅತಿಥಿಗಿಂತ ಮೊದಲು ಉಂಡರೆ ಒಂದು ದೋಷ, ಉಣ್ಣದಿದ್ದರೆ ಇನ್ನೊಂದು ದೋಷ. ಬಲ್ಲವರನ್ನು ಕೇಳಿ, ಉಂಡಂತೆಯೂ ಉಣ್ಣದಂತೆಯೂ ಆಗುವ ಹಾಗೆ ಆತ ನೀರನ್ನಷ್ಟೇ ಕುಡಿದ; ಅಷ್ಟಕ್ಕೇ ದೂರ್ವಾಸರು ಕೆರಳಿ ಕೃತ್ಯೆಯೆಂಬ ಸಂಹಾರಶಕ್ತಿಯನ್ನು ಛೂಬಿಟ್ಟರು. ಉಪವಾಸದ ಮರುದಿನ ಬಾಯಿಗೆ ಏನಿಡಲೂ ಅಂಜಿದವರಲ್ಲಿ ಮೊದಲಿಗ ಅಂಬರೀಷನೇ ಇರಬೇಕು, ಆದರೆ ಅವನು ಅಂಜಿದ್ದು ಋಷಿಯ ಶಾಪಕ್ಕೇ ಹೊರತು ತನ್ನ ಸೊಂಟದ ಸುತ್ತಳತೆಗಲ್ಲ. ಡಯಟ್ ಎಂಬ ಹೊಸ ವ್ರತ ಹಳೆಯ ವ್ರತಗಳಿಂದ ಉಪವಾಸವನ್ನು ಮಾತ್ರ ತೆಗೆದುಕೊಂಡು ಪಾರಣೆಯನ್ನು ಅಲ್ಲಿಯೇ ಬಿಟ್ಟುಬಂದಿದೆ. ಹೀಗಾಗಿ ಅದರಲ್ಲಿ ದಶಮಿ, ಏಕಾದಶಿಗಳಿವೆ, ದ್ವಾದಶಿಯೇ ಇಲ್ಲ.

ದ್ವಾದಶಿಯಿಲ್ಲದ ವ್ರತಸ್ಥನ ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಅವನು ಅವಲಕ್ಕಿಯನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾನೆ. ಮೊಬೈಲಿನ ಆ್ಯಪ್‌ನಲ್ಲಿ ಒಂದೆಲಗದ ತಂಬಳಿ ಸಿಗದೆ ಅದನ್ನು ‘ಸೂಪು’ ಎಂದು ನಮೂದಿಸುತ್ತಾನೆ. ಕಬ್ಬಿನ ಹಾಲಿನ ಹಿಟ್ಟನ್ನು ಕಾದ ಗಡಿಗೆಯ ಬೆನ್ನಿಗೆ ಸವರಿ ಎಬ್ಬಿಸುವ, ಕಾಗದದಷ್ಟು ತೆಳ್ಳಗಿನ ತೊಡದೇವನ್ನು ಬೆಳಕಿಗೆ ಹಿಡಿದು, ಆಚೆಯದು ಕಾಣುವಂಥ ವಸ್ತುವಿನಲ್ಲಿ ಎಷ್ಟು ಕೊಬ್ಬಿದ್ದೀತೆಂದು ಚಿಂತಿಸುತ್ತಾನೆ. ಮಳೆಗಾಲದಲ್ಲಿ ಮನೆಯವರೆಲ್ಲ ಚಾವಡಿಯಲ್ಲಿ ಹಲಸಿನ ಹಪ್ಪಳ ಮುರಿಯುತ್ತಿದ್ದರೆ ಇವನು ಚಳಿಯೆಂದು ಬಚ್ಚಲ ಒಲೆಯ ಮುಂದೆ ಮೈ ಕಾಯಿಸುತ್ತ, ಕೈಯಲ್ಲಿರುವ ಫೋನಿನಲ್ಲಿ ಯಾರೋ ಹಪ್ಪಳ ಕರಿಯುವ ವಿಡಿಯೋ ನೋಡುತ್ತಿರುತ್ತಾನೆ.

ಈ ಕೊನೆಯ ಲಕ್ಷಣ ವಿಜ್ಞಾನಕ್ಕೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಬರಗೆಟ್ಟ ಯುರೋಪಿನ ಜನರಿಗೆ ಮತ್ತೆ ಹೇಗೆ ಉಣ್ಣಿಸಬೇಕೆಂದು ತಿಳಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದ 36 ಯುವಕರನ್ನು ಅವರ ಸಮ್ಮತಿಯಿಂದಲೇ 24 ವಾರ ಅರೆಹೊಟ್ಟೆಯಲ್ಲಿಟ್ಟನು. ದಿನಕ್ಕೆ ಸುಮಾರು 1,570 ಕ್ಯಾಲೊರಿ, ಅಂದರೆ ಆಹಾರದ ಶಕ್ತಿಯನ್ನು ಅಳೆಯುವ ಮಾನದಲ್ಲಿ ಅಷ್ಟು, ಉಂಡ ಅವರ ತೂಕ ನಾಲ್ಕನೆಯ ಒಂದು ಭಾಗದಷ್ಟು ಇಳಿಯಿತು. ಚಳಿ ತಡೆಯದಾಯಿತು, ಸಿಟ್ಟು ಮೂಗಿನ ತುದಿಗೆ ಬಂತು, ಅಡುಗೆಮನೆಯತ್ತ ಎಂದೂ ತಿರುಗಿ ನೋಡದವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಮೈ ತನ್ನ ಖರ್ಚನ್ನೂ ಕಡಿತಗೊಳಿಸಿತ್ತು: ಸುಮ್ಮನೆ ಮಲಗಿದ್ದಾಗಲೂ ಉಸಿರಾಟ, ಎದೆಬಡಿತಗಳಿಗೆ ಬೇಕಾಗುವ ಶಕ್ತಿ ಸುಮಾರು ಶೇ. 40ರಷ್ಟು ತಗ್ಗಿತ್ತು. 1950ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಬಂದ ಈ ಪ್ರಯೋಗದ ವರದಿಯ ಪ್ರಕಾರ ಗುಣವಾಗಲು ಇದ್ದದ್ದು ಒಂದೇ ದಾರಿ, ಅದು ಚೆನ್ನಾಗಿ ತಿನ್ನುವುದು. ಮಿನೆಸೋಟದಲ್ಲಿ ಅಳೆದು ಕೊಟ್ಟವರು ಬೇರೆ, ತಿಂದವರು ಬೇರೆಯಾಗಿದ್ದರಿಂದ ನಿರ್ಬಂಧ ಮುಗಿದೊಡನೆ ಅವರು ಊಟದ ಮೇಲೆ ಮುಗಿಬಿದ್ದರು; ಹೆಗ್ಗರಣೆಯ ವ್ರತಸ್ಥನಲ್ಲಾದರೋ ಅಳೆಯುವವನೂ ತಿನ್ನುವವನೂ ಒಬ್ಬನೇ ಆಗಿರುವುದರಿಂದ ನಿರ್ಬಂಧ ಮುಗಿಯಿತೆಂದು ಸಾರುವವರು ಯಾರೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ, ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ, 55 ಕಿಲೋದ ಹೆಂಗಸಿಗೆ 1,660 ಕ್ಯಾಲೊರಿ ಬೇಕೆಂದು ಹೇಳಿದೆ. ಆ್ಯಪ್‌ನ ಮಾತು ನಂಬಿ 1,200ರಲ್ಲಿ ನಿಂತ ಗಂಡಸು ಮನೆಯಿಂದ ತೋಟಕ್ಕೆ ಇಳಿದು ಮತ್ತೆ ಏರಿ ಬರುವುದನ್ನೂ ಮಾಡುತ್ತಿದ್ದರೆ, ಮಿನೆಸೋಟದ ಪ್ರಯೋಗವನ್ನು ತನ್ನ ಖರ್ಚಿನಲ್ಲಿ ಇನ್ನಷ್ಟು ಬಿಗಿಯಾಗಿ ನಡೆಸುತ್ತಿದ್ದಾನೆಂದೇ ಅರ್ಥ.

ಆದರೂ ಅವನ ಭಯ ಆಧಾರವಿಲ್ಲದ್ದಲ್ಲ, ಆಧಾರ ತಕ್ಕಡಿಯಲ್ಲಿದೆ. ಧೈರ್ಯಮಾಡಿ ಎರಡು ದಿನ ಸರಿಯಾಗಿ ಉಂಡು ಮೂರನೆಯ ದಿನ ತೂಕದ ಯಂತ್ರ ಹತ್ತಿದರೆ ಅದು ಒಂದೂವರೆ ಕಿಲೋ ಹೆಚ್ಚು ತೋರಿಸುತ್ತದೆ, ಹತ್ತಿದವನು ಇಳಿದು ಮತ್ತೆ ಹಸಿ ಸೌತೆಕಾಯಿಗೆ ಶರಣಾಗುತ್ತಾನೆ. ಇಲ್ಲಿ ನಡೆದಿರುವುದನ್ನು ಅಡಿಕೆ ಬೆಳೆಗಾರನಿಗೆ ವಿವರಿಸಬೇಕಾಗಿಲ್ಲ. ಹಸಿ ಅಡಿಕೆಯ ತೂಕದಲ್ಲಿ ಬಹುಪಾಲು ನೀರೆಂಬುದು ಅವನಿಗೆ ಗೊತ್ತಿದೆ. ಅಂಗಳದಲ್ಲಿ ತಿಂಗಳು ಮೀರಿ ಒಣಗಿದ ಮೇಲೂ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಸಿಪ್ಪೆಯೊಳಗೆ ಕಟಕಟ ಸದ್ದು ಕೇಳಿದ ಮೇಲಷ್ಟೇ ಅವನು ಸುಲಿಸಿ ಚಾಲಿ ಮಾಡಿ, ಬೆಳೆಗಾರರು 1923ರಲ್ಲಿ ಶಿರಸಿಯಲ್ಲಿ ಕಟ್ಟಿಕೊಂಡ ಟಿಎಸ್ಎಸ್‌ನಂಥ ಸಹಕಾರಿ ಸಂಸ್ಥೆಯ ವ್ಯಾಪಾರಕ್ಕೆ ಒಯ್ಯುತ್ತಾನೆ. ಮೈಯ ಲೆಕ್ಕವೂ ಅಂಥದೇ. ಉಂಡ ಅನ್ನದಲ್ಲಿ ಒಂದಷ್ಟನ್ನು ದೇಹ ಗ್ಲೈಕೋಜನ್ ಎಂಬ ಪಿಷ್ಟದ ರೂಪದಲ್ಲಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸೇರಿ ಅರ್ಧ ಕಿಲೋದವರೆಗೆ ಕೂಡಿಡುತ್ತದೆ, ಅದರ ಪ್ರತಿ ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಪಥ್ಯದಲ್ಲಿ ಬರಿದಾಗಿದ್ದ ಈ ಉಗ್ರಾಣ ಎರಡು ದಿನದಲ್ಲಿ ತುಂಬಿಕೊಂಡರೆ ತೂಕ ಏರುವುದು ಸಹಜ, ಅದು ಕೊಬ್ಬಲ್ಲ. ಒಂದು ಕಿಲೋ ಕೊಬ್ಬು ಬೆಳೆಯಬೇಕಾದರೆ ಮೈಯ ಖರ್ಚನ್ನೆಲ್ಲ ಕಳೆದು ಸುಮಾರು 7,700 ಕ್ಯಾಲೊರಿ ಉಳಿಯಬೇಕು; ಹೋಳಿಗೆಯೊಂದಕ್ಕೆ 250 ಕ್ಯಾಲೊರಿ ಹಿಡಿದರೂ ಮಾಮೂಲು ಊಟದ ಮೇಲೆ ಮೂವತ್ತಕ್ಕೂ ಹೆಚ್ಚು ಹೋಳಿಗೆಗಳಾಗಬೇಕು. ಅಷ್ಟು ತಿನ್ನಬಲ್ಲವರು ಈ ಸೀಮೆಯಲ್ಲಿ ಇದ್ದರೆಂದು ಹೇಳುವ ಹಿರಿಯರು ಈಗಲೂ ಸಿಗುತ್ತಾರಾದರೂ ಅವರಾರೂ ಪಥ್ಯಕ್ಕೆ ಕೂತವರಲ್ಲ.

ಇನ್ನು ಚಿಕಿತ್ಸೆ. ಕಳೆದುಹೋದ ದ್ವಾದಶಿಯನ್ನು ಸಾವಕಾಶವಾಗಿ, ವಾರಗಳ ಮೇಲೆ ಹಂಚಿ ಆಚರಿಸುವುದೇ ಇದರ ಮುಖ್ಯ ವಿಧಿ. ಮೊದಲ ವಾರ ಬೆಳಗಿನ ತಿಂಡಿಗೆ ಒಂದು ತೆಳ್ಳೇವು ಹೆಚ್ಚಿಗೆ, ಅದಕ್ಕೆ ಜೋನಿಬೆಲ್ಲ. ಎರಡನೆಯ ವಾರ ಮಧ್ಯಾಹ್ನ ಅಪ್ಪೆಹುಳಿಗೆ, ಅಂದರೆ ಮಾವಿನಕಾಯಿಯನ್ನು ಬೇಯಿಸಿ ಕಿವುಚಿ ಇಂಗಿನ ಒಗ್ಗರಣೆ ಕೊಟ್ಟ ತೆಳು ಸಾರಿಗೆ, ಇನ್ನೊಂದು ಸೌಟು ಅನ್ನ. ಮೂರನೆಯ ವಾರ ಅನ್ನದ ಮೇಲೆ ತುಪ್ಪ. ನಾಲ್ಕನೆಯ ವಾರ ಯಾರದಾದರೂ ಮನೆಯ ವಿಶೇಷದೂಟದಲ್ಲಿ, ಕೈ ಅಡ್ಡ ಹಿಡಿಯದೆ ಒಂದು ಹೋಳಿಗೆ. ಈ ಅವಧಿಯಲ್ಲಿ ತೂಕದ ಯಂತ್ರವನ್ನು ಅಟ್ಟಕ್ಕೆ ಏರಿಸುವುದು ಲೇಸು. ಅಪ್ಪೆಹುಳಿಯನ್ನು ತುಪ್ಪ, ಹೋಳಿಗೆಗಳಿಗಿಂತ ಮೊದಲೇ ತರುವುದಕ್ಕೆ ಕಾರಣವಿದೆ: ಅದನ್ನು ಒಂದು ಲೋಟ ಕುಡಿದವನಿಗೆ ಹಸಿವೆಯನ್ನು ಅಲ್ಲಗಳೆಯುವುದು ಸಾಧ್ಯವಾಗುವುದಿಲ್ಲ. ಬಹಳ ಸೊರಗಿದವರು ಮಾತ್ರ ವೈದ್ಯರ ಕಣ್ಣೆದುರಿನಲ್ಲೇ ಊಟ ಹೆಚ್ಚಿಸಬೇಕು, ಏಕೆಂದರೆ ತೀರ ಬರಿದಾದ ಮೈಗೆ ಒಮ್ಮೆಲೆ ಸುರಿದರೆ ರಕ್ತದಲ್ಲಿ ಫಾಸ್ಫೇಟ್ ಮುಂತಾದ ಲವಣಗಳು ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಮುಟ್ಟು ನಿಂತವರು, ಉಂಡದ್ದನ್ನು ಕಕ್ಕುವವರು, ಭಯಕ್ಕೆ ಊಟವನ್ನೇ ಬಿಡುವವರು ಇದನ್ನು ಕಾಯಿಲೆಯೆಂದೇ ತಿಳಿದು ಆಸ್ಪತ್ರೆಗೆ ಹೋಗಬೇಕಲ್ಲದೆ ಪ್ರಬಂಧ ಓದುತ್ತ ಕೂರಬಾರದು.

ಗುಣವಾಗುವುದು ಹಂತಹಂತವಾಗಿ ಕಾಣುತ್ತದೆ. ಮೊದಲು ಚಳಿ ಬಿಡುತ್ತದೆ, ಬಚ್ಚಲ ಒಲೆಯ ಮುಂದಿನ ಜಾಗ ಬೆಕ್ಕಿಗೆ ಮರಳಿ ಸಿಗುತ್ತದೆ. ಆಮೇಲೆ ನಿದ್ದೆ ಬರುತ್ತದೆ, ಹಪ್ಪಳದ ವಿಡಿಯೋ ಬೇಸರ ತರಿಸುತ್ತದೆ. ಕೊನೆಗೊಂದು ದಿನ ಹೋಳಿಗೆಯ ಕ್ಯಾಲೊರಿಯನ್ನು ಬಿಟ್ಟು ಅದರ ಹೂರಣ ನುಣ್ಣಗಾಗಿಲ್ಲವೆಂದು ತಕರಾರು ತೆಗೆಯುತ್ತಾನೆ, ಮನೆಯವರು ಸಮಾಧಾನದ ಉಸಿರು ಬಿಡುತ್ತಾರೆ. ಪೂರ್ಣ ಗುಣದ ಪರೀಕ್ಷೆ ಬೆಳಗಿನ ತಿಂಡಿಯ ಹೊತ್ತಿಗೆ ನಡೆಯುತ್ತದೆ. ಎಷ್ಟು ತೆಳ್ಳೇವು ತಿಂದೆಯೆಂದು ಕೇಳಿದರೆ ಅವನಿಗೆ ನೆನಪಿರಬಾರದು. ಆ ಲೆಕ್ಕ ಒಲೆಯ ಹತ್ತಿರವಿದ್ದವರಲ್ಲಿರುತ್ತದೆ, ಮತ್ತು ಮಗ ಏಳು ತಿಂದರೂ “ನಾಲ್ಕೇ ತಿಂಜಾ, ಇನ್ನೊಂದು ಹಾಕ್ತಿ” ಎನ್ನುವ ಆಯಿಯ ಲೆಕ್ಕವನ್ನು ತಪ್ಪೆಂದು ಸಾಧಿಸುವ ಗಣಿತ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಯಾವ ಶಾಲೆಯಲ್ಲಿಯೂ ಕಲಿಸುವುದಿಲ್ಲ.