ಉಷ್ಣಪ್ಪನವರು

ತಂದೆತಾಯಿ ಇಟ್ಟ ಹೆಸರು ಬೇರೆ. ನೆಲಮಂಗಲದ ನಮ್ಮ ಬೀದಿಗೆ ಮಾತ್ರ ಅವರು ಉಷ್ಣಪ್ಪನವರು. ಕಣ್ಣು ಕೆಂಪಾದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋದರೂ "ಹುಡುಗನ ತಲೆಗೆ ಉಷ್ಣ ಏರೈತೆ, ಹರಳೆಣ್ಣೆ ಹಾಕಿ." ಎಳನೀರು, ಕಾಮಕಸ್ತೂರಿ ಬೀಜ, ನೆನೆಸಿದ ಮೆಂತ್ಯ, ಇಷ್ಟರಲ್ಲೇ ಅವರ ಔಷಧಶಾಸ್ತ್ರ ಮುಗಿಯಿತು. ಫೀಸು ಒಂದು ಲೋಟ ಕಾಫಿ. (ಕಾಫಿ ಉಷ್ಣವಲ್ಲವೇ ಎಂದು ಕೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ.)

ಕಳೆದ ಏಪ್ರಿಲ್‌ನಲ್ಲಿ ಮೊಮ್ಮಗನ ಜೊತೆ ಶಿವಗಂಗೆ ಬೆಟ್ಟ ಹತ್ತಿದರು. ಒಳಕಲ್ಲು ತೀರ್ಥ ದಾಟಿದ ಮೇಲೆ ಬರೀ ಬಂಡೆ. ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಉಂಟು, ನೆರಳಿಲ್ಲ. ಹುಡುಗ ಟೋಪಿ ಕೊಡಲು ಬಂದರೆ, "ಬಿಸಿಲಿಗೆ ಸುಡೋದು ಬಿಳಿಯರ ಚರ್ಮ ಕಣೋ. ನಮ್ದು ರಾಗಿಮುದ್ದೆ ಬಣ್ಣ, ಮೊದಲೇ ಬೆಂದೈತೆ" ಅಂದರು. ಮಟಮಟ ಮಧ್ಯಾಹ್ನ ನೆತ್ತಿಯ ನಂದಿಯ ಬಳಿ ಎರಡು ಗಂಟೆ ಕೂತರು.

ರಾಗಿಮುದ್ದೆ ಬಣ್ಣವೂ ಸುಡುತ್ತದೆ, ಕೆಂಪು ಅಷ್ಟಾಗಿ ಕಾಣುವುದಿಲ್ಲ ಅಷ್ಟೆ. ಸಂಜೆಗೆ ಬೋಳುತಲೆ, ಕತ್ತು ಭಗಭಗ. ಬೆಣ್ಣೆ ಬಳಿದುಕೊಂಡರು. ಶಿವಗಂಗೆಯ ಲಿಂಗಕ್ಕೆ ಸವರಿದ ತುಪ್ಪವೇ ಬೆಣ್ಣೆಯಾಗುತ್ತದೆಂದು ನಂಬುವ ಸೀಮೆಯಲ್ಲಿ ಬೆಣ್ಣೆಯನ್ನು ಅನುಮಾನಿಸುವವರು ಯಾರು? ಬೆಳಗ್ಗೆ ತಲೆತುಂಬ ಬೊಬ್ಬೆ. ಪಕ್ಕದ ಮನೆಯಜ್ಜಿ ಸರ್ಪಸುತ್ತು ಎಂದು ತೀರ್ಪು ಕೊಟ್ಟು ಜಾಜು ತರಲು ಹೋದರು.

ಬರೀ ಉರಿ, ಒಂದೆರಡು ಬೊಬ್ಬೆಯಾಗಿದ್ದರೆ ಒಡೆಯದೆ, ತಣ್ಣೀರುಬಟ್ಟೆ ಹಾಕಿಕೊಂಡು ಮನೆಯಲ್ಲೇ ಇರಬಹುದಿತ್ತು. ಇವರಿಗೆ ಚಳಿಜ್ವರ ಬಂತು. ಕುಡಿದ ಎಳನೀರೆಲ್ಲ ವಾಂತಿ. "ಉಷ್ಣ ಈಚೆಗೆ ಬರ್ತಾ ಐತೆ" ಎಂದು ಸಂತೋಷಪಟ್ಟರು. ಮಧ್ಯಾಹ್ನ ಎದ್ದು ನಿಂತವರು ತೂರಾಡಿ, ಹೆಂಡತಿಯ ಮುಖ ನೋಡಿ, "ಯಾರಮ್ಮ ನೀವು?" ಅಂದರು.

"ದುಡ್ಡು ಕೇಳಿದಾಗೆಲ್ಲ ಹಿಂಗೇ ಅಂತಾರೆ, ಬಿಡು" ಅಂದರು ಅವರ ಹೆಂಡತಿ. ಮೊಮ್ಮಗ ಬಿಡಲಿಲ್ಲ, 108ಕ್ಕೆ ಫೋನ್ ಮಾಡಿದ.

ಡಾಕ್ಟರು ಬೆಣ್ಣೆ ಒರೆಸಿ ಡ್ರಿಪ್ ಹಾಕಿದರು. "ಬೆಣ್ಣೆ ಹಚ್ಚಿದ್ರೆ ಕಾವು ಒಳಗೇ ಉಳಿಯುತ್ತೆ, ತಾತ. ಜ್ವರ, ವಾಂತಿ ಶುರುವಾದಾಗಲೇ ಬರಬೇಕಿತ್ತು. ಗುರುತು ತಪ್ಪೋವರೆಗೂ ಕಾಯ್ತಾರಾ?"

ವಾರ ಕಳೆದು ಉಷ್ಣಪ್ಪನವರು ಮತ್ತೆ ಕಟ್ಟೆಗೆ ಬಂದರು. ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಎಲ್ಲರಿಗೂ ತೋರಿಸಿದರು. "ನೋಡ್ರಪ್ಪ, ನಾನು ಹೇಳಿದ್ದನ್ನೇ ಇಂಗ್ಲಿಷಲ್ಲಿ ಬರ್ಕೊಟ್ಟವ್ರೆ."

ಮೊಮ್ಮಗನ ಟೋಪಿಯನ್ನು ಮಾತ್ರ ಆವತ್ತಿನಿಂದ ವಾಪಸು ಕೊಟ್ಟಿಲ್ಲ.