ಓದಿದವನಿಗೇ ಏಟು

ಸಾಫ್ಟ್‌ವೇರ್ ಲೋಕದ ನ್ಯಾಯವೇ ವಿಚಿತ್ರ ಕಣ್ರೀ. ಎಡವಟ್ಟಾಗಿ ಬರೆದು ಕಳಿಸಿದವನು ಮುಸುಕು ಹೊದ್ದು ಮಲಗಿರುತ್ತಾನೆ. ಅದನ್ನು ಓದಲು ಹೋದ ಬಡಪಾಯಿ ರಾತ್ರಿ ಎರಡು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕಣ್ಣುಜ್ಜುತ್ತಾ ಕೂತಿರುತ್ತಾನೆ. ಲಾಗ್ ತೆಗೆದರೆ ಓದಿದವನದೇ ಹೆಸರು, ಓದಿದವನದೇ ಸರ್ವರ್. ಬೆಳಿಗ್ಗೆ ಮೀಟಿಂಗಿನಲ್ಲಿ ಬೈಸಿಕೊಳ್ಳುವವನೂ ಅವನೇ. ಡೀಸೀರಿಯಲೈಸೇಷನ್ ಎಂಬ ಮಾರುದ್ದ ಹೆಸರಿನ ರೋಗಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣ ಬೇಕಿಲ್ಲ.

ರೋಗ ಏನಂದರೆ, ಒಂದು ಯಂತ್ರದ ಮೆಮೊರಿಯಲ್ಲಿ ಆರಾಮಾಗಿ ಕೂತಿದ್ದ ಆಬ್ಜೆಕ್ಟನ್ನು ಬೈಟುಗಳ ಸಾಲಾಗಿ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಕಳಿಸುತ್ತೇವೆ, ಅಲ್ಲಿ ಅದು ಮತ್ತೆ ಎದ್ದು ನಿಲ್ಲಬೇಕು. ಜಾತ್ರೆ ಮುಗಿದ ಮೇಲೆ ತೇರಿನ ಗಳ, ಹಗ್ಗ, ಪತಾಕೆ ಎಲ್ಲ ಬಿಚ್ಚಿಡುತ್ತಾರಲ್ಲ, ಹಾಗೆ. ಮುಂದಿನ ವರ್ಷ ಗಳಗಳ ರಾಶಿ ತಂದು ಸುರಿದರೆ ತೇರು ತಾನಾಗಿ ಏಳುತ್ತದೆಯೇ? ಯಾವ ಗಳ ಎಲ್ಲಿಗೆ ಅಂತ ಬಲ್ಲ ಬಡಗಿ ಬೇಕು. ಜಾವಾದಲ್ಲಿ ಆ ಬಡಗಿಯ ಹೆಸರು ಕ್ಲಾಸ್. ಬೈಟುಗಳ ಜೊತೆ ಕ್ಲಾಸಿನ ಹೆಸರು ಹೋಗುತ್ತದೆ, ಫೀಲ್ಡುಗಳ ಹೆಸರು ಹೋಗುತ್ತದೆ, ಒಳಗಿನ ಬೆಲೆಗಳು ಹೋಗುತ್ತವೆ. ಕೋಡ್ ಮಾತ್ರ ಹೋಗುವುದಿಲ್ಲ. ಅದು ಆ ಕಡೆ ಮೊದಲೇ ಇರಬೇಕು.

ಇಷ್ಟು ಗೊತ್ತಿದ್ದರೆ ಅರ್ಧ ಕಾಯಿಲೆ ವಾಸಿ. ಆದರೆ ನಮ್ಮವರ ಕ್ರಮ ಬೇರೆ.

‘ಗುರು, ಡೇಟಾ ಕರಪ್ಟ್ ಆಗಿದೆ.’

‘ಯಾರ್ ಹೇಳಿದ್ದು?’

‘ಮತ್ತೆ ಓದಕ್ಕೆ ಆಗ್ತಿಲ್ವಲ್ಲ! ನೆಟ್‌ವರ್ಕ್ ಪ್ರಾಬ್ಲಮ್ಮೇ ಇರಬೇಕು. ರೀಸ್ಟಾರ್ಟ್ ಮಾಡ್ಲಾ?’

ನೆಟ್‌ವರ್ಕ್ ಪಾಪ, ಊರಿನ ಪಾಪವೆಲ್ಲ ಹೊರುತ್ತದೆ. ಸಂದೇಶ ಸಾಗಿಸುವ ಕಾಫ್ಕಾದಲ್ಲಿ ದಾಖಲೆಗಳ ಪ್ರತಿ ಕಂತೆಗೂ ಸಿಆರ್‌ಸಿ ಎಂಬ ತಾಳೆಸಂಖ್ಯೆ ಅಂಟಿಸಿರುತ್ತಾರೆ. ದಾರಿಯಲ್ಲಿ ನಿಜವಾಗಿ ಕೆಟ್ಟಿದ್ದರೆ ದೂರೇ ಬೇರೆ ಹೆಸರಿನಲ್ಲಿ ಬರುತ್ತದೆ. ನಿಮ್ಮ ಬೈಟುಗಳು ಸಾಮಾನ್ಯವಾಗಿ ಕಳಿಸಿದ ಹಾಗೇ, ಒಂದೂ ಕೂದಲು ಕೊಂಕದೆ ಬಂದಿರುತ್ತವೆ. ಕಳಿಸಿದ್ದೇ ಬೇರೆ, ನೀವು ಕಾಯುತ್ತಿದ್ದುದೇ ಬೇರೆ.

ರಾಶಿ ಡೇಟಾವನ್ನು ಹಲವು ಯಂತ್ರಗಳಿಗೆ ಹಂಚಿ ಅರೆಯುವ ಸ್ಪಾರ್ಕ್‌ನವರ ಗೋಳು ಕೇಳಿ. ‘ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತೆ’ ಎಂಬ ಮಂತ್ರ ಹುಟ್ಟಿದ್ದೇ ಇವರ ಬಾಯಲ್ಲಿರಬೇಕು. ಲೋಕಲ್ ಮೋಡಿನಲ್ಲಿ ಕೆಲಸ ಹಂಚುವ ಡ್ರೈವರೂ ಅದನ್ನು ಮಾಡುವ ಎಕ್ಸಿಕ್ಯೂಟರೂ ಒಂದೇ ಜೆವಿಎಂನಲ್ಲಿ ವಾಸ, ಎಲ್ಲ ಕ್ಲಾಸೂ ಕೈಗೆಟಕುತ್ತವೆ. ಕ್ಲಸ್ಟರಿಗೆ ಹೋದ ತಕ್ಷಣ ಸಂಸಾರ ಬೇರೆಯಾಗುತ್ತದೆ. ಡ್ರೈವರ್ ಒಂದು ಲ್ಯಾಂಬ್ಡಾ ಕಳಿಸುತ್ತದೆ, ಎಕ್ಸಿಕ್ಯೂಟರಿನಲ್ಲಿ ನಿಮ್ಮ ಕ್ಲಾಸುಗಳಿರುವ ಜಾರ್ ಇಲ್ಲ. ಆಗ ‘ಜಾರ್ ಸಿಗಲಿಲ್ಲ ಸ್ವಾಮಿ’ ಅಂತ ನೇರ ಹೇಳಿದರೆ ಮರ್ಯಾದೆ ಕಮ್ಮಿಯೇನೋ! ಅದು ಹೇಳುವುದು ‘ಸೀರಿಯಲೈಸ್ಡ್‌ಲ್ಯಾಂಬ್ಡಾವನ್ನು ಆ ಫೀಲ್ಡಿಗೆ ಹಾಕಲಾಗದು’ ಎಂಬ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್. ಜಾರ್ ಎಂಬ ಮಾತೇ ಅದರಲ್ಲಿಲ್ಲ. ಓದಿದವರು ಟೈಪ್ ತಪ್ಪೆಂದು ಕೋಡೆಲ್ಲ ತಿದ್ದಿ, ಇದ್ದ ಒಂದು ತೊಂದರೆಯನ್ನು ಮೂರು ಮಾಡಿಕೊಳ್ಳುತ್ತಾರೆ.

ಇನ್ನು ಸೀರಿಯಲ್‌ವರ್ಷನ್‌ಯುಐಡಿ ಎಂಬ ಅರವತ್ನಾಲ್ಕು ಬಿಟ್ಟಿನ ಸಂಖ್ಯೆ. ಕ್ಲಾಸಿನಲ್ಲಿ ಅದನ್ನು ನೀವೇ ಬರೆಯದಿದ್ದರೆ ಜಾವಾ ತಾನೇ ಲೆಕ್ಕ ಹಾಕುತ್ತದೆ: ಕ್ಲಾಸಿನ ಹೆಸರು, ಇಂಟರ್‌ಫೇಸುಗಳು, ಫೀಲ್ಡುಗಳು, ಪ್ರೈವೇಟ್ ಅಲ್ಲದ ಮೆಥಡ್‌ಗಳು ಎಲ್ಲ ಸೇರಿಸಿ ಅರೆದು ಒಂದು ಹ್ಯಾಶ್. ಅಂದರೆ ಲಾಗ್ ಚೆಂದ ಕಾಣಲಿ ಅಂತ ಒಬ್ಬ ಪುಣ್ಯಾತ್ಮ ಒಂದು ಟುಸ್ಟ್ರಿಂಗ್ ಮೆಥಡ್ ಸೇರಿಸಿದ ಅಂತಿಟ್ಟುಕೊಳ್ಳಿ. ಡೇಟಾದಲ್ಲಿ ಒಂದಕ್ಷರ ಬದಲಾಗಿಲ್ಲ. ಸಂಖ್ಯೆ ಬದಲಾಯಿತು. ಕ್ಲಸ್ಟರಿನಲ್ಲಿ ಅರ್ಧ ನೋಡ್ ಹಳೇ ಜಾರ್, ಅರ್ಧ ಹೊಸ ಜಾರ್ ಇರುವ ಹೊತ್ತಿಗೆ ಸರಿಯಾಗಿ ಇನ್‌ವ್ಯಾಲಿಡ್‌ಕ್ಲಾಸ್‌ಎಕ್ಸೆಪ್ಶನ್ ಕುಣಿಯತೊಡಗುತ್ತದೆ. ಇದರ ಒಂದು ಒಳ್ಳೆಯ ಗುಣ ಹೇಳಲೇಬೇಕು, ಬಂದ ಸಂಖ್ಯೆ ಇಷ್ಟು, ನನ್ನ ಹತ್ತಿರ ಇರುವುದು ಇಷ್ಟು ಅಂತ ಎರಡನ್ನೂ ಅಚ್ಚುಕಟ್ಟಾಗಿ ಪಕ್ಕಪಕ್ಕ ಬರೆದು ತೋರಿಸುತ್ತದೆ. ಅಷ್ಟು ಬರೆದರೂ ಓದುವವರು ಬೇಕಲ್ಲ!

ಹಾಗಾದರೆ ಸಂಖ್ಯೆಯನ್ನು ಕೈಯಾರೆ 1 ಅಂತ ಬರೆದುಬಿಟ್ಟರೆ? ಈ ಜಗಳ ನಿಲ್ಲುತ್ತದೆ, ನಿಜ. ಆದರೆ ಹೊಸ ಫೀಲ್ಡ್ ಸೇರಿಸಿ ಹಳೇ ಬೈಟು ಓದಿಸಿದರೆ ಆ ಫೀಲ್ಡಿನಲ್ಲಿ ಸದ್ದಿಲ್ಲದೆ ನಲ್ ಕೂರುತ್ತದೆ, ಅಂಕಿಯಾದರೆ ಸೊನ್ನೆ. ಅದು ಸಿಡಿಯುವುದು ಇನ್ನೆಲ್ಲೋ, ಇನ್ಯಾರದೋ ಕೋಡಿನಲ್ಲಿ.

ಕ್ರಯೋ ಇನ್ನೂ ಕಿಲಾಡಿ. ಜಾವಾದ ಸ್ವಂತ ಸೀರಿಯಲೈಸೇಷನ್ ಬದಲು ವೇಗ ಬೇಕು ಅಂತ ಅದನ್ನು ತರುತ್ತಾರೆ. ಜಾಗ ಉಳಿಸಲು ಅದು ರಿಜಿಸ್ಟರ್ ಮಾಡಿದ ಕ್ಲಾಸಿಗೆ ಹೆಸರಿನ ಬದಲು ನಂಬರ್ ಬರೆಯುತ್ತದೆ, ನಂಬರ್ ಕೊಡುವುದು ಸರದಿಯ ಪ್ರಕಾರ. ಪಟ್ಟಿಯ ನಡುವೆ ಒಂದು ಹೊಸ ಕ್ಲಾಸ್ ತೂರಿಸಿದಿರೋ, ಅದರ ಕೆಳಗಿನವರ ನಂಬರೆಲ್ಲ ಒಂದೊಂದು ಜಾರಿತು. ಅದೃಷ್ಟವಿದ್ದರೆ ‘ಈ ನಂಬರ್ ನನಗೆ ಗೊತ್ತಿಲ್ಲ’ ಅಂತ ಬೀಳುತ್ತದೆ. ಇಲ್ಲದಿದ್ದರೆ ಗ್ರಾಹಕನನ್ನು ಬಿಲ್ ಅಂತ ತಿಳಿದು ಓದಲು ಹೊರಟು, ಬೈಟು ಸಾಲದೆ ‘ಬಫರ್ ಅಂಡರ್‌ಫ್ಲೋ’ ಅನ್ನುತ್ತದೆ. ಬಫರ್ ಎಂಬ ಪದ ಕಂಡದ್ದೇ ತಡ, ನಮ್ಮ ಹುಡುಗರು ಸ್ಪಾರ್ಕ್‌ನ ಕ್ರಯೋ ಬಫರ್ ಮಿತಿಯನ್ನು 64 ಎಂಬಿಯಿಂದ 512ಕ್ಕೆ ಏರಿಸುತ್ತಾರೆ. ಅಯ್ಯೋ, ಅದು ಓವರ್‌ಫ್ಲೋಗೆ ಕೊಡುವ ಮದ್ದು! ಇಲ್ಲಿ ಬೈಟೇ ಸಾಲುತ್ತಿಲ್ಲ, ಪಾತ್ರೆ ದೊಡ್ಡದು ಮಾಡಿ ಏನು ಪ್ರಯೋಜನ?

ಕಾಫ್ಕಾದಲ್ಲಿ ಒಂದೇ ಒಂದು ಕೆಟ್ಟ ಸಂದೇಶ ಸಾಕು, ಪಾರ್ಟಿಷನ್ನೇ ಸ್ತಬ್ಧ. ಕನ್ಸ್ಯೂಮರ್ ಆ ಆಫ್‌ಸೆಟ್‌ಗೆ ಬರುತ್ತದೆ, ಬೀಳುತ್ತದೆ, ಎದ್ದು ಮತ್ತೆ ಅಲ್ಲಿಗೇ ಬರುತ್ತದೆ. ಹಿಂದೆ ಲ್ಯಾಗ್ ಬೆಳೆಯುತ್ತಾ ಹೋಗುತ್ತದೆ. ಸ್ಕೀಮಾ ರಿಜಿಸ್ಟ್ರಿ ಇಟ್ಟುಕೊಂಡವರಿಗೆ ‘ಅನ್‌ನೋನ್ ಮ್ಯಾಜಿಕ್ ಬೈಟ್’ ಎಂಬ ದೂರು ಚಿರಪರಿಚಿತ. ಮ್ಯಾಜಿಕ್ಕೂ ಇಲ್ಲ, ಮಾಟವೂ ಇಲ್ಲ. ಸಂದೇಶದ ಮೊದಲ ಬೈಟು ಸೊನ್ನೆ ಇರಬೇಕು, ಮುಂದಿನ ನಾಲ್ಕರಲ್ಲಿ ಸ್ಕೀಮಾದ ನಂಬರ್. ಯಾರೋ ಟೆಸ್ಟ್ ಮಾಡೋಣ ಅಂತ ಕನ್ಸೋಲಿನಿಂದ ಬರಿಯ ಜೇಸನ್ ಎಸೆದಿರುತ್ತಾರೆ. ಹೆಕ್ಸ್‌ನಲ್ಲಿ ನೋಡಿದರೆ ಮೊದಲ ಬೈಟು 7ಬಿ, ಅಂದರೆ ಜೇಸನ್ ಶುರುವಾಗುವ ಪುಷ್ಪಾವರಣ ‘{’. ಕಳ್ಳ ಬಾಗಿಲಲ್ಲೇ ನಿಂತಿದ್ದಾನೆ, ನೀವು ಹಿತ್ತಲು ಹುಡುಕುತ್ತಿದ್ದೀರಿ. ಜಾವಾದ ಸ್ವಂತ ಸೀರಿಯಲೈಸೇಷನ್ ಆದರೆ ಎಸಿ ಇಡಿ 00 05 ಎಂದು ಶುರು, ಜಿಜಿಪ್ ಮಾಡಿದ್ದರೆ 1ಎಫ್ 8ಬಿ. ಇಷ್ಟು ಬಾಯಿಪಾಠ ಮಾಡಿದರೆ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತದೆ.

‘ಆ ಸಂದೇಶ ದಾಟಿಸಿ ಮುಂದೆ ಹೋಗಬಹುದು’ ಅಂತ ಕಾಫ್ಕಾದ ದೂರೇ ಸಲಹೆ ಕೊಡುತ್ತದೆ. ದಾಟಿಸಿ, ಆದರೆ ಬೈಟುಗಳನ್ನು ಬೇರೆ ಟಾಪಿಕ್ಕಿಗೆ ಎತ್ತಿಟ್ಟು ದಾಟಿಸಿ. ಸಾಕ್ಷಿ ಸುಟ್ಟು ತನಿಖೆ ಮಾಡುವ ಚಾಳಿ ನಮಗೆ ಬೇಡ.

ಜಾವಾದ ಸೀರಿಯಲೈಸೇಷನ್ ಬಂದದ್ದು 1997ರಲ್ಲಿ. ಅದೊಂದು ಭಯಂಕರ ತಪ್ಪಾಗಿತ್ತು ಅಂತ ಜಾವಾದ ಮುಖ್ಯ ವಾಸ್ತುಶಿಲ್ಪಿ ಮಾರ್ಕ್ ರೈನ್‌ಹೋಲ್ಡ್ ಅವರೇ 2018ರಲ್ಲಿ ಒಪ್ಪಿಕೊಂಡರು. ನಂಬಿಕೆಯಿಲ್ಲದ ಬೈಟು ಓದಿಸಿ ಸರ್ವರ್ ವಶಮಾಡಿಕೊಳ್ಳುವ ಕೇಡೂ ಅದರ ಬೆನ್ನಿಗಿದೆ, ಅದು ಬೇರೆಯೇ ಪುರಾಣ. ಎರಡು ತಂಡಗಳ ನಡುವೆ ಡೇಟಾ ಓಡಾಡುವುದಾದರೆ ಆವ್ರೋ, ಪ್ರೋಟೋಬಫ್ ಥರದ ಸ್ಕೀಮಾ ಇರುವುದನ್ನೇ ಇಟ್ಟುಕೊಳ್ಳಿ. ಅಲ್ಲೂ ಪ್ರೋಟೋಬಫ್‌ನಲ್ಲಿ ತೆಗೆದುಹಾಕಿದ ಫೀಲ್ಡಿನ ನಂಬರನ್ನು ಹೊಸದಕ್ಕೆ ಕೊಟ್ಟು ಉಳಿತಾಯ ಮಾಡುವ ಜಾಣರಿದ್ದಾರೆ, ಅವರಿಗೆ ನಮಸ್ಕಾರ.

ಕೊನೆಗೆ ಒಂದು ಬೇಡಿಕೆ. ಸಹಾಯ ಕೇಳುವಾಗ ಸ್ಕ್ರೀನಿನ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಬೇಡಿ, ಅದರಲ್ಲಿ ಕಾಣುವುದು ಸ್ಟಾಕ್ ಟ್ರೇಸಿನ ಮೇಲಿನ ಹತ್ತು ಸಾಲು ಮತ್ತು ನಿಮ್ಮ ಹೆಬ್ಬೆಟ್ಟು. ತೀರಾ ಕೆಳಗಿನ ‘ಕಾಸ್ಡ್ ಬೈ’ ಸಾಲು, ಆ ಸಂದೇಶದ ಮೊದಲ ಹದಿನಾರು ಬೈಟು, ಎರಡೂ ಕಡೆಯ ಜಾರ್ ವರ್ಷನ್, ಈ ಮೂರನ್ನು ಅಕ್ಷರದಲ್ಲಿ ಕಳಿಸಿ. ಜೊತೆಗೆ ಬರೆದ ತಂಡದವರಿಗೂ ಒಂದು ಫೋನ್ ಮಾಡಿ, ಅವರೂ ಸ್ವಲ್ಪ ಎದ್ದು ಕೂರಲಿ.