ಕಾಕಾಯದಿಂದ ಗಜಾಯಕ್ಕೆ

ಬೆಂಗಳೂರಿನ 30×40 ಅಡಿ ನಿವೇಶನವೊಂದರಲ್ಲಿ ಮನೆ ಏಳಬೇಕಾದರೆ ಎರಡು ಶಾಸ್ತ್ರಗಳ ಸಮ್ಮತಿ ಬೇಕಾಗುತ್ತದೆ: ಒಂದು, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ ಹಾಗೂ ಅದರ ಬೆನ್ನಿಗೇ ಬಂದ ವಲಯ ನಿಯಮಾವಳಿ, ಕಟ್ಟಡ ಉಪವಿಧಿಗಳು, ಇನ್ನೊಂದು, ವಾಸ್ತುಶಾಸ್ತ್ರ. ಮೊದಲನೆಯದನ್ನು ಮೀರಿದರೆ ದಂಡ ಕಟ್ಟಿ ಬದುಕಿಕೊಳ್ಳಬಹುದೆಂಬ ನಂಬಿಕೆ ಊರಿನಲ್ಲಿ ಆಳವಾಗಿ ಬೇರೂರಿದೆ. ಎರಡನೆಯದಕ್ಕೆ ಮೇಲ್ಮನವಿಯೇ ಇಲ್ಲ.

ಇವೆರಡಕ್ಕೂ ಮೊದಲು ಖಾತೆಯ ಪ್ರಶ್ನೆ ಏಳುತ್ತದೆ. ಖಾತೆಯೆಂದರೆ ತೆರಿಗೆ ವಸೂಲಿಗಾಗಿ ಪಾಲಿಕೆ ಇಟ್ಟುಕೊಳ್ಳುವ ಸ್ವತ್ತಿನ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ. ಆದರೂ ಸಂಬಂಧ ಕುದುರಿಸುವ ಹಿರಿಯರು ಹುಡುಗನ ಸಂಬಳ ಕೇಳುವುದಕ್ಕೂ ಮುನ್ನ ಅವನ ಸೈಟು ‘ಎ’ ಖಾತೆಯದೋ ‘ಬಿ’ ಖಾತೆಯದೋ ಎಂದು ವಿಚಾರಿಸುವುದುಂಟು. ‘ಬಿ’ ಪುಸ್ತಕದಲ್ಲಿ ಹೆಸರಿದ್ದವರಿಂದ ತೆರಿಗೆ ಪಡೆಯಲು ಅಡ್ಡಿಯಿಲ್ಲ, ಅವರ ನಕ್ಷೆ ಮಂಜೂರು ಮಾಡಲು ಮಾತ್ರ ಅಡ್ಡಿಯಿದೆ ಎಂಬುದು ಬಹುಕಾಲ ನಡೆದುಬಂದ ಕ್ರಮ. 2025ರಲ್ಲಿ ನಗರಪಾಲಿಕೆಯೇ ಐದು ಪಾಲಾಯಿತು. ಪಾಲುಗಳ ನಡುವೆ ಎಷ್ಟು ಸೆಟ್‌ಬ್ಯಾಕ್ ಬಿಡಲಾಗಿದೆಯೆಂದು ಯಾರೂ ಕೇಳಿದಂತಿಲ್ಲ.

ಸೆಟ್‌ಬ್ಯಾಕ್ ಎಂಬುದು ನಿವೇಶನದ ಎಲ್ಲೆಗೂ ಕಟ್ಟಡದ ಗೋಡೆಗೂ ನಡುವೆ ಗಾಳಿ ಬೆಳಕಿಗಾಗಿ ಬಿಡಬೇಕಾದ ತೆರಪು. ಲೆಕ್ಕಕ್ಕೆಂದು ನಾಲ್ಕೂ ಕಡೆ ಒಂದೊಂದು ಮೀಟರ್ ಬಿಟ್ಟರೆ 1200 ಚದರಡಿಯಲ್ಲಿ ಗೋಡೆ ಏಳಬಹುದಾದ ಜಾಗ ಸುಮಾರು 784 ಚದರಡಿಗೆ ಇಳಿಯುತ್ತದೆ, ಮತ್ತು ಸಾಲದ ಕಂತು ಮಾತ್ರ ಪೂರ್ತಿ 1200ಕ್ಕೇ ಉಳಿಯುವುದರಿಂದ ಮಾಲೀಕನಿಗೆ ತನ್ನ ನೆಲದ ಮೂರನೆಯ ಒಂದು ಭಾಗವನ್ನು ಗಾಳಿಗೆ ದಾನ ಕೊಟ್ಟಂತೆ ತೋರುತ್ತದೆ. ಅವನನ್ನು ಸಮಾಧಾನಪಡಿಸಲು ನೆಲ ವಿಸ್ತೀರ್ಣ ಅನುಪಾತವೆಂಬ ಇನ್ನೊಂದು ನಿಯಮವಿದೆ: ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣ ನಿವೇಶನದ ಎಷ್ಟು ಪಟ್ಟು ಇರಬಹುದೆಂಬುದನ್ನು ಅದು ಹೇಳುತ್ತದೆ. ಅನುಪಾತ 1.75 ಎಂದಾದರೆ 2100 ಚದರಡಿ. ಅಗಲಕ್ಕೆ ಸಿಗದ್ದು ಎತ್ತರಕ್ಕೆ ಸಿಕ್ಕಿತೆಂದು ಅವನು ಹಿಗ್ಗುವ ಹೊತ್ತಿಗೆ ವಾಸ್ತು ಪಂಡಿತರು ಟೇಪು ಹಿಡಿದು ಬಂದಿರುತ್ತಾರೆ.

ಪಂಡಿತರ ಗಣಿತಕ್ಕೆ ಆಯವೆಂದು ಹೆಸರು. ಒಂದು ಪ್ರಚಲಿತ ಕ್ರಮದಲ್ಲಿ ಉದ್ದ ಅಗಲಗಳ ಗುಣಲಬ್ಧವನ್ನು ಒಂಬತ್ತರಿಂದ ಗುಣಿಸಿ ಎಂಟರಿಂದ ಭಾಗಿಸುತ್ತಾರೆ. ಶೇಷ ಒಂದಾದರೆ ಧ್ವಜಾಯ, ಮುಂದೆ ಕ್ರಮವಾಗಿ ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಮತ್ತು ಏನೂ ಉಳಿಯದಿದ್ದರೆ ಕಾಕಾಯ. ಬೆಸಗಳು ಶುಭ, ಸಮಗಳು ಅಶುಭ. ಒಂಬತ್ತನ್ನು ಎಂಟರಿಂದ ಭಾಗಿಸಿದರೆ ಒಂದೇ ಉಳಿಯುವುದರಿಂದ, ಅಳತೆ ಪೂರ್ಣಾಂಕದಲ್ಲಿರುವಾಗ ಒಂಬತ್ತರಿಂದ ಗುಣಿಸಿದರೂ ಬಿಟ್ಟರೂ ಶೇಷ ಬದಲಾಗದು. ಆದರೆ ಗುಣಿಸದೆ ಹೇಳಿದ ಆಯಕ್ಕೆ ದಕ್ಷಿಣೆ ಕಡಿಮೆ. ಇನ್ನೂ ದೊಡ್ಡ ಚೋದ್ಯವೆಂದರೆ 1200 ಎಂಟರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, 40×60ರ 2400 ಕೂಡ ಹಾಗೆಯೇ, ಮೇಲಿನ 784 ಕೂಡ. ಎಂದರೆ ನಗರದ ಅಚ್ಚುಮೆಚ್ಚಿನ ಅಳತೆಗಳೆಲ್ಲ ಕಾಗೆಯ ಪಾಲು. ಪರಿಹಾರ ಸುಲಭ: ಉದ್ದಗಲಗಳನ್ನು ಐದೈದು ಅಂಗುಲ ಕುಗ್ಗಿಸಿ 33×23 ಮಾಡಿದರೆ 759, ಶೇಷ ಏಳು. ಮನೆ ಚಿಕ್ಕದಾಯಿತು, ಕಾಗೆ ಆನೆಯಾಯಿತು. ಅಳತೆಯನ್ನು ಗೋಡೆಯ ಒಳಮೈಯಿಂದ ಹಿಡಿಯಬೇಕೋ ಹೊರಮೈಯಿಂದಲೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲದಿರುವುದು ಒಳ್ಳೆಯದೇ. ಆನೆ ಸಿಗದ ಕಡೆ ಮತ್ತೊಬ್ಬ ಪಂಡಿತರಾದರೂ ಸಿಗುತ್ತಾರೆ.

ಹೀಗೆ ಸಿದ್ಧವಾಗುವ ‘ಸ್ಯಾಂಕ್ಷನ್ ಪ್ಲಾನ್’ ಕನ್ನಡ ನಾಡಿನ ಕಲ್ಪನಾಸಾಹಿತ್ಯದ ಒಂದು ಪ್ರಕಾರವೆಂದು ಪರಿಗಣಿಸಲು ಅರ್ಹವಾಗಿದೆ. ಅದರಲ್ಲಿ ಮೆಟ್ಟಿಲು ಮನೆಯೊಳಗಿರುತ್ತದೆ, ತೆರಪು ತೆರಪಾಗಿಯೇ ಇರುತ್ತದೆ, ಮಳೆನೀರು ಶಿಸ್ತಿನಿಂದ ಇಂಗುಗುಂಡಿಗೆ ಇಳಿಯುತ್ತದೆ. ಮೇಸ್ತ್ರಿಯ ಕೈಗೆ ಹೋಗುವುದು ‘ವರ್ಕಿಂಗ್ ಪ್ಲಾನ್’ ಎಂಬ ಬೇರೊಂದು ಹಾಳೆ. ಅದರಲ್ಲಿ ತೆರಪಿನಲ್ಲಿ ಮೆಟ್ಟಿಲು, ಮೆಟ್ಟಿಲಡಿ ಸಂಪು, ಮೇಲಂತಸ್ತಿನಲ್ಲಿ ಪಕ್ಕದ ಮನೆಯವರ ಕೈಕುಲುಕುವಷ್ಟು ಸಮೀಪದ ಬಾಲ್ಕನಿ ಇರುತ್ತವೆ. 50×80 ಅಡಿಯವರೆಗಿನ ನಿವೇಶನಗಳಿಗೆ 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ ಯೋಜನೆಯಿಂದ ಮೊದಲ ಹಾಳೆ ಬೇಗ ಸಿಗುವಂತಾಯಿತು. ಎರಡನೆಯದು ಎಂದೂ ತಡವಾದದ್ದಿಲ್ಲ.

ಕಟ್ಟಿದ್ದಕ್ಕೂ ಬರೆದದ್ದಕ್ಕೂ ತಾಳೆ ನೋಡಿ ಕೊಡುವ ಪತ್ರವೇ ಸ್ವಾಧೀನಾನುಭವ ಪ್ರಮಾಣಪತ್ರ, ಜನರ ಬಾಯಲ್ಲಿ ‘ಓಸಿ’. ಹಾಲುಕ್ಕಿಸಿ ಒಕ್ಕಲಾದ ಮೇಲೆ ಅದನ್ನು ನೆನೆಯುವವರು ವಿರಳವಾಗಿದ್ದರು. ಅಕ್ರಮ-ಸಕ್ರಮವೆಂಬ, ದಂಡ ಪಡೆದು ತಪ್ಪನ್ನು ಒಪ್ಪಿಕೊಳ್ಳುವ ಯೋಜನೆಯ ಮೇಲೆ ಎಲ್ಲರ ಕಣ್ಣಿತ್ತು, ಅದಕ್ಕೆ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿತ್ತು. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಈ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು ಕೊಡಬಾರದೆಂದು ಹೇಳಿದಾಗ ಅನೇಕ ಮಾಲೀಕರು ಇಂಜಿನಿಯರನ್ನು ಕರೆಸಿ, ಮನೆ ಇದ್ದದ್ದು ಇದ್ದಂತೆಯೇ ಮೂರನೆಯ ನಕ್ಷೆಯೊಂದನ್ನು ಬರೆಸಿದರು. ಅದನ್ನು ಪಾಲಿಕೆಗೆ ಸಲ್ಲಿಸುವಂತಿಲ್ಲ, ಬ್ಯಾಂಕಿಗೆ ತೋರಿಸುವಂತಿಲ್ಲ. ಅದಕ್ಕೆ ಆಯ ಹಾಕಿಸಲು ಮನೆಯಾಕೆಯೂ ಒಪ್ಪುವುದಿಲ್ಲ.